ಬಿಚ್ಚದ ಗಾಲಿಗೆ ಇಟ್ಟ ಬೊಟ್ಟು

ಹೈದರಾಬಾದಿನಲ್ಲಿ ದೋಣಿ ರಿಪೇರಿ ಮಾಡುತ್ತೇನೆ ಅಂದರೆ ನಮ್ಮ ಭಾಲ್ಕಿ ಕಡೆಯವರು ಈಗಲೂ ನಗುತ್ತಾರೆ. "ಯಪ್ಪಾ, ಅಲ್ಲಿ ಸಮುದ್ರ ಎಲ್ಲೈತೋ?" ಅನ್ನುತ್ತಾರೆ. ನಗಲಿ ಬಿಡಿ. ಸಮುದ್ರ ಇಲ್ಲದಿದ್ದರೇನು, ಊರ ಹೊರಗೆ ದೊಡ್ಡ ದೊಡ್ಡ ಕೆರೆಗಳಿವೆ. ಯಾರೋ ಓಡಿಸಿ ಬಿಟ್ಟ ಹಳೆಯ ಮೋಟಾರು ದೋಣಿ ಕೊಂಡು, ಎರಡು ಭಾನುವಾರ ಓಡಿಸಿ, ಮೂರನೆಯ ಭಾನುವಾರ ಅದನ್ನು ನಮ್ಮ ತಗಡಿನ ಶೆಡ್ಡಿಗೆ ಎಳೆದು ತರುವ ಶೌಕಿನ ಜನರೂ ಇದ್ದಾರೆ. ಅವರ ಶೌಕು, ನಮ್ಮ ಅನ್ನ.

ಶೆಡ್ಡಿನಲ್ಲಿ ನಾವಿಬ್ಬರೇ. ಎಂಜಿನ್ನು ನನ್ನದು. ದೋಣಿ ಹೊರುವ ಟ್ರೇಲರು, ಅದರ ಗಾಲಿ, ಬೇರಿಂಗು ಎಲ್ಲ ಉಸ್ತಾದರದ್ದು. ಹುಮನಾಬಾದ ಕಡೆಯ ಹಿರಿಯರು ಅವರು, ಈ ಕೆಲಸದಲ್ಲಿ ನನಗೆ ಅಕ್ಷರ ತಿದ್ದಿಸಿದವರು. ನಾನು ಅಣ್ಣಾ ಅನ್ನುತ್ತಿದ್ದೆ. ನನ್ನ ಹೆಂಡತಿಗೆ ತವರಿನಲ್ಲಿ ಅಣ್ಣತಮ್ಮಂದಿರಿಲ್ಲ. ಪಂಚಮಿ ಬಂತೆಂದರೆ ಇವರೇ ಸೀರೆ ಹಿಡಿದುಕೊಂಡು "ತಂಗೀ, ಉಂಡಿ ಎಲ್ಲಿ?" ಅಂತ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅವಳು ಆ ದಿನವೆಲ್ಲ ಕುಣಿಯುವುದೊಂದು ಬಾಕಿ.

ದೋಣಿಯ ಟ್ರೇಲರಿಗೆ ಒಂದು ಕೆಟ್ಟ ಹಣೆಬರಹ ಇದೆ. ರಸ್ತೆಯ ಮೇಲೆ ಓಡಿ ಗಾಲಿಯ ಹಬ್ಬು, ಅಂದರೆ ಬೇರಿಂಗು ಕೂರುವ ನಡುಭಾಗ, ಬಿಸಿಯಾಗಿರುತ್ತದೆ. ಹಾಗೇ ಅದನ್ನು ಕೆರೆಗೆ ಇಳಿಸುತ್ತಾರೆ. ಬಿಸಿ ಕಬ್ಬಿಣ ತಣ್ಣಗಾಗುವಾಗ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಒಳಗಿನ ಗ್ರೀಸು ಮಜ್ಜಿಗೆಯ ಹಾಗೆ ಬೆಳ್ಳಗಾಗಿ, ಬೇರಿಂಗು ತುಕ್ಕು ಹಿಡಿದು, ಒಂದು ದಿನ ನಡುರಸ್ತೆಯಲ್ಲಿ ಗಾಲಿ ಕಳಚಿ ಹೋಗುತ್ತದೆ. ಅದಕ್ಕೇ ಪ್ರತಿ ಸಲ ಹಬ್ಬು ಬಿಚ್ಚಬೇಕು, ತೊಳೆಯಬೇಕು, ಕೈಯಾರೆ ಹೊಸ ಗ್ರೀಸು ತುಂಬಬೇಕು.

ತುಂಬಿದ್ದಾಗಿದೆ ಅನ್ನುವುದಕ್ಕೆ ಉಸ್ತಾದರದೇ ಒಂದು ಗುರುತು ಇತ್ತು. ದೋಣಿಗೆ ತೇಪೆ ಹಾಕುವ ರೆಸಿನ್ ಅನ್ನುವ ಅಂಟು ಡಬ್ಬಿಯ ತಳದಲ್ಲಿ ಉಳಿದಿರುತ್ತದಲ್ಲ, ಅದಕ್ಕೆ ಚಿಟಿಕೆ ಕುಂಕುಮ ಕಲಸಿ ಹಬ್ಬಿನ ಬಾಯಿ ಮುಚ್ಚುವ ಕಬ್ಬಿಣದ ಟೋಪಿಯ ಮೇಲೆ ಒಂದು ಬೊಟ್ಟು. ಗಂಟೆಯೊಳಗೆ ಕಲ್ಲಾಗುತ್ತಿತ್ತು. ಕೆರೆಯ ನೀರಿರಲಿ, ಉಳಿಯೂ ಅದನ್ನು ಸುಲಭಕ್ಕೆ ಎಬ್ಬಿಸುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಹೇಳಿದ್ದರು: "ಬಿಚ್ಚಿದ ಕೈನೇ ಬೊಟ್ಟಿಡಬೇಕು ತಮ್ಮ. ಬಿಚ್ಚಲಾರದ ಗಾಲಿಗೆ ಬೊಟ್ಟಿಡೂದಂದ್ರ ದೇವರ ಮುಂದ ಸುಳ್ಳು ಸಾಕ್ಷಿ ಹೇಳಿದಂಗ."

ಆ ವರ್ಷ ಆಯುಧಪೂಜೆಗೆ ನನ್ನ ಹೆಂಡತಿ ಬೇಗಂ ಬಜಾರಿನಿಂದ ಕುಂಕುಮ, ಅಗರಬತ್ತಿ ತಂದು ಶೆಡ್ಡಿಗೆ ಬಂದಳು. ಎಂಜಿನ್ನು, ಪಾನಾ, ವೆಲ್ಡಿಂಗ್ ಪೆಟ್ಟಿಗೆ, ಒಂದನ್ನೂ ಬಿಡದೆ ಎಲ್ಲದಕ್ಕೂ ನೀರಲ್ಲಿ ಕಲಸಿದ ಕುಂಕುಮ ಹಚ್ಚಿದಳು. ಗಾಲಿಗಳಿಗೂ ಹಚ್ಚಿದಳು. ಹಬ್ಬ ಮುಗಿಸಿ ಉಸ್ತಾದರು ಊರಿಗೆ ಹೋದರು.

ನಾಲ್ಕು ದಿನ ಬಿಟ್ಟು ಮಿಯಾಪುರದ ಸಾಹೇಬರು ದೋಣಿ ಒಯ್ಯಲು ಬಂದರು. ನಿವೃತ್ತರು, ಅಪಾರ್ಟ್‌ಮೆಂಟಿನಲ್ಲಿ ಜಾಗವಿಲ್ಲದೆ ದೋಣಿಯನ್ನು ನಮ್ಮಲ್ಲೇ ಇಟ್ಟವರು. ಎಂಜಿನ್ನು ಚಾಲೂ ಮಾಡಿ ತೋರಿಸಿದೆ. ಗಾಲಿ ನೋಡಿದೆ. ಎರಡೂ ಟೋಪಿಯ ಮೇಲೆ ಕೆಂಪು ಬೊಟ್ಟು ಇತ್ತು. ಮುಟ್ಟಿ ನೋಡಲಿಲ್ಲ. ಗುರುವಿನ ಬೊಟ್ಟನ್ನು ಯಾರಾದರೂ ಪರೀಕ್ಷೆ ಮಾಡುತ್ತಾರೇನ್ರಿ? "ಬಿಂದಾಸ್ ಲೇಕೆ ಜಾವ್ ಸಾಬ್", ಧೈರ್ಯವಾಗಿ ಒಯ್ಯಿರಿ ಅಂದು ಕಳಿಸಿಕೊಟ್ಟೆ.

ಅರ್ಧ ದಾರಿಯಲ್ಲಿ ಎಡಗಡೆಯ ಗಾಲಿ ಕಳಚಿತು. ದೋಣಿ ರಸ್ತೆಗೆ ಉಜ್ಜಿಕೊಂಡು ಹೋಗಿ ತಳ ಸೀಳಿತು. ಅದು ಹಾಳಾಗಿ ಹೋಗಲಿ. ಕಳಚಿದ ಗಾಲಿ ಉರುಳಿಕೊಂಡು ಹೋಗಿ, ರಸ್ತೆ ಬದಿಯಲ್ಲಿ ಮುಸುಕಿನ ಜೋಳದ ತೆನೆ ಸುಡುತ್ತಾ ಕೂತಿದ್ದ ಹೆಂಗಸಿನ ಕಾಲು ಮುರಿಯಿತು. ಪೊಲೀಸರು ಟ್ರೇಲರನ್ನು ಠಾಣೆಯ ಅಂಗಳಕ್ಕೆ ಎಳೆದೊಯ್ದರು. ಸಾಹೇಬರು ಬೈಯಲಿಲ್ಲ. "ನಿಮ್ಮನ್ನು ನಂಬಿದ್ದೆ" ಅಂತ ಹಿಂದಿಯಲ್ಲಿ ಒಂದೇ ಮಾತು ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಮಧ್ಯಾಹ್ನ ಉಸ್ತಾದರು ಊರಿನಿಂದ ಬಂದರು. ಊಟದ ಡಬ್ಬಿ ತಂದಿದ್ದ ನನ್ನ ಹೆಂಡತಿ ಶೆಡ್ಡಿನಲ್ಲೇ ಇದ್ದಳು.

"ಗ್ರೀಸ್ ತುಂಬಿರಲಿಲ್ಲೇನ್ರೀ ಅಣ್ಣಾ?" ಅಂದೆ.

"ಊರಿಂದ ಬಂದ ಮ್ಯಾಗ ತುಂಬಬೇಕಂತಿದ್ದೆ. ಅಷ್ಟರಾಗ ನೀ ಕಳಿಸಿಬಿಟ್ಟಿ."

"ಬೊಟ್ಟಿತ್ತಲ್ರಿ!"

ಅವರು ನೆಲ ನೋಡಿದರು. ಆಮೇಲೆ ನಿಧಾನಕ್ಕೆ ಅಂದರು: "ಅದು ಪೂಜಿ ಕುಂಕುಮ ಇರಬೇಕೋ. ತಂಗಿ ಹಚ್ಚಿದ್ದು. ನೀ ಅದನ್ನ ನಮ್ಮ ಬೊಟ್ಟು ಅಂತ ತಿಳಕೊಂಡಿ."

ನನ್ನ ಹೆಂಡತಿಯ ಕೈಯಲ್ಲಿದ್ದ ಡಬ್ಬಿ ಹಾಗೇ ಇತ್ತು. "ಅಯ್ಯ ಶಿವನ, ನಾ ಹಚ್ಚಿದ್ದಕ್ಕ ಆಕಿ ಕಾಲು ಹೋತಾ?" ಅಂದಳು. ಉಸ್ತಾದರು ಇಲ್ಲ ಅನ್ನಲಿಲ್ಲ. ನಾನೂ ಅನ್ನಲಿಲ್ಲ, ಯಾಕೆಂದರೆ ನಂಬಿಬಿಟ್ಟಿದ್ದೆ.

ಅವತ್ತಿನಿಂದ ಮನೆಯ ಕುಂಕುಮದ ಬಟ್ಟಲು ಗೋಡೆಯ ಗೂಡಿನ ಮೂಲೆಗೆ ಸೇರಿತು. ಹೊಸ್ತಿಲಿಗೂ ಇಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ರೊಟ್ಟಿ, ಪಲ್ಯ, ಅನ್ನ ಕಟ್ಟಿಕೊಂಡು ಮೆಹದಿಪಟ್ಟಣಂನಲ್ಲಿ ಬಸ್ಸು ಬದಲಿಸಿ, ಆ ತೆನೆ ಮಾರುವ ಹೆಂಗಸಿನ ಮನೆಗೆ ಹೋಗುತ್ತಿದ್ದಳು. ಪಾತ್ರೆ ತೊಳೆದಿಟ್ಟು, ತಲೆ ಬಾಚಿ ಬರುತ್ತಿದ್ದಳು. ಆ ಹೆಂಗಸು ತೆಲುಗಿನಲ್ಲಿ "ಪರವಾಲೇದಮ್ಮಾ, ದಿನಾ ಬರಬೇಡ" ಅಂದರೂ ಬಿಡಲಿಲ್ಲ. ಹೊರಡುವಾಗ ಅವಳಿಗೆ ಕೈ ಮುಗಿದು ಬರುತ್ತಿದ್ದಳಂತೆ. ಬುತ್ತಿಯ ಚೀಲ ಹಿಡಿದು ಬಸ್ ಸ್ಟಾಪಿನ ತನಕ ನಾನು ಹೋಗುತ್ತಿದ್ದೆ.

ಎರಡು ತಿಂಗಳಾದ ಮೇಲೆ ಟ್ರೇಲರು ಶೆಡ್ಡಿಗೆ ಮರಳಿತು. ಗಾಲಿ ಕಳಚಿದ ಕಡೆಯ ಟೋಪಿ ಎಲ್ಲೋ ಬಿದ್ದು ಹೋಗಿತ್ತು. ಬಲಗಡೆಯದು ಇತ್ತು, ಅದರ ಮೇಲೆ ಬೊಟ್ಟೂ ಇತ್ತು. ಠಾಣೆಯ ಅಂಗಳದಲ್ಲಿ ಅಷ್ಟು ಮಳೆಯಲ್ಲಿ ನೆಂದ ಗಾಲಿಯ ಮೇಲೆ ಪೂಜೆಯ ಕುಂಕುಮ ಹೇಗೆ ಉಳಿಯಿತು? ಉಗುರಿನಿಂದ ಕೆರೆದೆ. ಉಗುರು ಮುರಿಯಿತು. ಹಬ್ಬು ಬಿಚ್ಚಿದೆ. ಒಳಗೆ ನಾರುವ ಹಳೇ ಗ್ರೀಸು, ತುಕ್ಕು, ನೀರು.

ಟೋಪಿ ಹಿಡಿದುಕೊಂಡು ಹೋಗಿ ಚಹಾ ಕುಡಿಯುತ್ತಿದ್ದ ಉಸ್ತಾದರ ಮುಂದೆ ಇಟ್ಟೆ. "ಇದನ್ನ ಉಗುರಿಲೆ ತೆಗೀರಿ ನೋಡೂಣು" ಅಂದೆ.

ಅವರು ಮುಟ್ಟಲಿಲ್ಲ. ಚಹಾದ ಲೋಟ ಕೆಳಗಿಟ್ಟು, "ಕೈ ನಡಗತಾವೋ ತಮ್ಮ" ಅಂದರು. "ಆರು ತಿಂಗಳಾತು. ಒಳಗಿನ ಪಿನ್ನು ಹಿಡಿಯಾಕ ಬರೂದಿಲ್ಲ. ನಿನಗ ಕಲಿಸಿದಾಂವ ನಾ, ನಿನ್ನ ಮುಂದ ಹೆಂಗ ಹೇಳಲಿ? ಹಳೇ ಗ್ರೀಸ ಇನ್ನೊಂದು ಸಲ ತಡೀತೈತಿ ಅಂದಕೊಂಡೆ."

ಆಗ ಬೊಟ್ಟನ್ನು ಸರಿಯಾಗಿ ನೋಡಿದೆ. ಒಂದು ಕಡೆಗೆ ಬಾಲದ ಹಾಗೆ ಎಳೆದಿತ್ತು. ನಡುಗುವ ಕೈಯೇ ಅದನ್ನು ಇಟ್ಟಿತ್ತು, ಪಾಪ ಅನಿಸಿತು. ಆದರೆ ಸಿಟ್ಟು ಅದಕ್ಕಿಂತ ದೊಡ್ಡದಿತ್ತು.

"ಕೈ ನಡಗಿದ್ವು, ಖರೆ. ನಿಮ್ಮ ತಂಗಿ ಮ್ಯಾಲೆ ಹಾಕುವಾಗ ಬಾಯಿ ನಡಗಲಿಲ್ಲೇನ್ರಿ?"

ಅವರ ಕಣ್ಣು ತುಂಬಿತು. "ನಾನ ಮನಿಗೆ ಬಂದು ಹೇಳ್ತೀನಿ. ನನ್ನ ತಪ್ಪು ನನ್ನ ಬಾಯಿಲೆ ಬರಲಿ. ನೀ ಹೇಳಬ್ಯಾಡ" ಅಂದರು. ನಾನು ಒಪ್ಪಿದೆ. ಇಷ್ಟಾದರೂ ಅವರ ಮರ್ಯಾದೆ ಕಾಯುವ ಬುದ್ಧಿ ನನಗೆ!

ನಾಳೆ ಬರುತ್ತೇನೆ ಅಂದವರು ನಾಡಿದ್ದು ಅಂದರು. ಮೈಯಲ್ಲಿ ಹುಷಾರಿಲ್ಲ ಅಂದರು. ಅಮಾವಾಸ್ಯೆ ಕಳೆಯಲಿ ಅಂದರು. ಕೊನೆಗೆ ಹನ್ನೊಂದನೆಯ ದಿನ, ಭಾನುವಾರ ಮಧ್ಯಾಹ್ನ ಬಂದರು. ಹೆಂಡತಿ ಬಿಸಿ ರೊಟ್ಟಿ ತಟ್ಟಿ, ಎಣ್ಣೆಗಾಯಿ ಬಡಿಸಿದಳು. ಮೂರು ರೊಟ್ಟಿ ಉಂಡರು. ಈಗ ಹೇಳುತ್ತಾರೆ, ಇನ್ನು ಹೇಳುತ್ತಾರೆ ಅಂತ ನಾನು ಕಾಯುತ್ತಾ ಕೂತಿದ್ದೆ.

ಬಾಯಿ ಬಿಟ್ಟರು. "ತಂಗಿ, ಆದದ್ದು ಆಗಿ ಹೋತು. ನೀಯೇನು ಬೇಕಂತ ಮಾಡಿದ್ದಲ್ಲ. ಮನಸಿಗೆ ಹಚ್ಚಿಕೋಬ್ಯಾಡ. ನಾ ಅಂತೂ ಎಂದೋ ಮರತೀನಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಅವರ ಕಾಲಿಗೆ ಬಾಗಿದಳು.

ನನ್ನ ಮೈಯೆಲ್ಲ ಉರಿದು ಹೋಯಿತು. ಮರೆತಿದ್ದಾರಂತೆ! ಮಾಡಿದವರು ಇವರು, ಕ್ಷಮಿಸುವವರೂ ಇವರೇ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಈಗ ಹೊಲಕ್ಕೆ ಸಮಾಧಾನ ಹೇಳುತ್ತಿತ್ತು. ಅಂಗಿಯ ಕಿಸೆಯಲ್ಲಿ ಅಷ್ಟೂ ದಿನ ಇಟ್ಟುಕೊಂಡು ತಿರುಗಿದ್ದ ಟೋಪಿಯನ್ನು ತೆಗೆದು ಅವರ ತಾಟಿನ ಪಕ್ಕ ಇಟ್ಟೆ.

"ಇದು ಆ ಟ್ರೇಲರಿನ ಇನ್ನೊಂದು ಗಾಲೀದು" ಅಂದೆ ಹೆಂಡತಿಗೆ. "ಬೊಟ್ಟು ಕೆರದು ನೋಡು."

ಕೆರೆದಳು. ಸೆರಗು ಒದ್ದೆ ಮಾಡಿ ತಿಕ್ಕಿದಳು. ನನ್ನ ಅಂಗಿಗೆ ಅಂಟಿದ ರೆಸಿನ್ ಜೊತೆ ಎಷ್ಟೋ ವರ್ಷ ಗುದ್ದಾಡಿದವಳು ಅವಳು, ಬಿಡಿಸಿ ಹೇಳಬೇಕಾಗಲಿಲ್ಲ. ಉಸ್ತಾದರು ಕೈ ತೊಳೆಯದೆ ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟು ಹೋದರು. ಅವಳು ಅವರ ಕಡೆ ತಿರುಗಿಯೂ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಇದು ನಿಮಗ ಎಂದು ಗೊತ್ತಾತು?"

"ಹನ್ನೊಂದು ದಿನ ಆತು."

"ಹನ್ನೊಂದು ದಿನ ನಾ ಆಕಿಗೆ ಕೈ ಮುಗದು ಬಂದೀನಿ" ಅಂದಳು. "ನಿಮಗ ಗೊತ್ತಿತ್ತು. ಬುತ್ತಿ ಚೀಲ ಹಿಡಕೊಂಡು ದಿನಾ ನನ್ನನ್ನ ಬಸ್ಸಿಗೆ ಹತ್ತಿಸಿದವರು ನೀವ."

ಹಿರಿಯರು, ತಾವೇ ಹೇಳಲಿ ಅಂತ ಕಾದೆ ಅನ್ನುವ ಉತ್ತರ ನನ್ನ ಹತ್ತಿರ ಇತ್ತು. ಅದನ್ನು ಹೇಳುವ ಬದಲು ಉಸ್ತಾದರ ತಾಟು ಎತ್ತಿಟ್ಟೆ.

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ರೊಟ್ಟಿ ಕಟ್ಟಿದಳು. "ಇನ್ನ ಯಾಕ ಹೋಗ್ತಿ?" ಅಂದೆ. "ಆಕಿ ಕಾಲು ಮುರದದ್ದಂತೂ ಸುಳ್ಳಲ್ಲಲ್ಲ" ಅಂದಳು. ಬಾಗಿಲಲ್ಲಿ ನಿಂತು, ಚೀಲ ಕೊಡು ಅಂತ ಕೈ ಚಾಚಿದೆ. ಅವಳು ಕೊಡಲಿಲ್ಲ.