ಹೂಂ ಅನ್ನುವ ಮನೆ

ಹಳೆಯ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಅಂಗೈಯಗಲದ ಎಣ್ಣೆ ಕಲೆ. ಮೂಸಿ ನೋಡಿದೆ. ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ವಾಸನೆ ಬಂತು ಎಂದು ಬರೆದರೆ ಈ ಪ್ರಬಂಧಕ್ಕೆ ಕಳೆ. ಆದರೆ ಬರಲಿಲ್ಲ. ಧೂಳಿಗೆ ಒಂದು ಸೀನು ಬಂತು, ಅಷ್ಟೇ. ನನ್ನ ನೆನಪಿನ ಮೇಲೆ ನೀವು ಎಷ್ಟು ಭರವಸೆ ಇಡಬಹುದು ಎಂಬುದನ್ನು ಮೊದಲೇ ಹೇಳಿಬಿಟ್ಟರೆ ನಮ್ಮಿಬ್ಬರಿಗೂ ಒಳ್ಳೆಯದು.

ವಿಜಯಪುರದ ಸರಕಾರಿ ವಿಶ್ವವಿದ್ಯಾಲಯದಲ್ಲಿ ನಾನು ಭಾಷಾಶಾಸ್ತ್ರದಲ್ಲಿ ಎಂ.ಎ. ಮಾಡುತ್ತಿದ್ದ ಕಾಲದ ನೋಟ್‌ಬುಕ್ಕು ಅದು. ಜೊತೆಗೆ ಫ್ರೆಂಚ್ ಬೇರೆ. ತಿಕೋಟಾದಿಂದ ದಿನಾ ಬಸ್ಸಿನಲ್ಲಿ ಓಡಾಟ. ಮನೆಯಲ್ಲಿ ದಖನಿ ಉರ್ದು, ಓಣಿಯಲ್ಲಿ ಕನ್ನಡ, ಕ್ಲಾಸಿನಲ್ಲಿ ಫ್ರೆಂಚ್. ಕಾಣದ ಪ್ಯಾರಿಸ್ಸಿನ ಹೋಟೆಲಿನಲ್ಲಿ ಕಿಟಕಿ ಪಕ್ಕದ ಟೇಬಲ್ ಕೇಳಲು ಕಲಿತಿದ್ದೆ. ನಾನು ಮನೆಯಲ್ಲಿ ಉಚ್ಚಾರ ಅಭ್ಯಾಸ ಮಾಡುವುದನ್ನು ಕೇಳಿ ನಮ್ಮ ತಂದೆ, ಅಬ್ಬಾ, 'ಆ ದೇಶದವರಿಗೆಲ್ಲ ನೆಗಡಿಯೇ?' ಎಂದು ಗಂಭೀರವಾಗಿ ವಿಚಾರಿಸಿದ್ದರು.

ಕೊನೆಯ ಸೆಮಿಸ್ಟರಿಗೆ ಒಂದು ಕಿರು ಸಂಶೋಧನಾ ಪ್ರಬಂಧ ಬರೆಯಬೇಕಿತ್ತು. ನಾನು ಬಬಲೇಶ್ವರದ ಹತ್ತಿರದ ಹಳ್ಳಿ ನಿಡೋಣಿಯ ಆಡುಮಾತನ್ನು ಆರಿಸಿಕೊಂಡೆ. ಮಾರ್ಗದರ್ಶಕಿ ಮೇಡಂ ಒಂದೇ ಮಾತು ಹೇಳಿದರು: "ಕನ್ನಡ ನಿನ್ನ ಮನೆಮಾತಲ್ಲ. ನಿನ್ನ ಕಿವಿ ನಂಬಬೇಡ. ಅದನ್ನೇ ಆಡಿಕೊಂಡು ಬೆಳೆದವರನ್ನು ಕೇಳು." ಮಾತು ಸರಿಯೇ. ಆದರೂ ಚುಚ್ಚಿತು. ಹುಟ್ಟಿದಾಗಿನಿಂದ ಓಣಿಯಲ್ಲಿ ಕನ್ನಡದಲ್ಲೇ ಜಗಳ ಆಡಿದವಳು ನಾನು.

ಕೆಲಸದ ಕ್ರಮ ಹೀಗೆ: ನಲವತ್ತು ವಾಕ್ಯ ಬರೆದುಕೊಂಡು ಹೋಗುವುದು, ಅದರಲ್ಲಿ ಅರ್ಧದಷ್ಟನ್ನು ಬೇಕೆಂತಲೇ ಕೆಡಿಸಿರುವುದು, ಒಂದೊಂದನ್ನೇ ಓದಿ "ಹಿಂಗ ಅನ್ನಬಹುದಾ?" ಎಂದು ಕೇಳುವುದು. "ಇಲ್ಲ" ಎಂದ ವಾಕ್ಯದ ಮುಂದೆ ಒಂದು ಚುಕ್ಕಿ ಇಡುವುದು. ಆ ಚುಕ್ಕಿಗಳಿಂದಲೇ ಒಂದು ಮಾತಿನ ಕಟ್ಟುಪಾಡು ಗೊತ್ತಾಗುವುದು.

ನಿಡೋಣಿಯಲ್ಲಿ ನನಗೆ ಸಿಕ್ಕವರು ಸಹಪಾಠಿಯ ಕಾಕಿ, ಅಂದರೆ ಚಿಕ್ಕಮ್ಮ, ಗೌರವ್ವ. ನಾನೂ ಕಾಕಿ ಎಂದೇ ಕರೆದೆ. ಮೊದಲ ದಿನ ನನ್ನನ್ನು ಮಣೆ ಹಾಕಿ ಕೂರಿಸಿ, ತಟ್ಟೆಗೆ ರೊಟ್ಟಿ ಬಡಿಸಿ, "ಕೇಳ್ರಿ ಏನ ಕೇಳ್ತೀರಿ" ಎಂದರು.

"ಕಾಕಿ, 'ನಾವು ಸಂತಿಗೆ ಹೋಗ್ಯಾಳ' ಅಂತ ಅನ್ನಬಹುದಾ?"

"ಹೂಂ, ಅನ್ನಬಹುದ್ರಿ. ಯಾಕ ಅನ್ನಬಾರದು? ಇನ್ನೊಂದ ರೊಟ್ಟಿ ಹಾಕ್ಲಿ?"

ಮೂರು ದಿನ, ನಲವತ್ತು ವಾಕ್ಯ, ಒಂದೂ ಚುಕ್ಕಿ ಇಲ್ಲ. ಸಲ್ಲಿಸಲು ಒಂದು ವಾರ ಉಳಿದಿತ್ತು. ಮೇಡಂ ನೋಟ್‌ಬುಕ್ ತಿರುವಿ, "ಹಾಗಾದ್ರೆ ನಿಡೋಣಿಯಲ್ಲಿ ಏನು ಬೇಕಾದರೂ ಅನ್ನಬಹುದು?" ಎಂದರು. ಇದನ್ನೇ ಸಲ್ಲಿಸಿದರೆ ಫೇಲಾಗುವುದು ಖಚಿತ ಎಂದೂ ಹೇಳಿದರು.

ನಾಲ್ಕನೆಯ ದಿನ ಮತ್ತೆ ಹೋದೆ, ಮತ್ತೆ ಅದೇ ಹೂಂ. ಹೊರಟು ಬಸ್ಸಿನ ತನಕ ಬಂದವಳು ಮೊಬೈಲ್ ಮರೆತದ್ದು ನೆನಪಾಗಿ ವಾಪಸು ಹೋದೆ. ಬಾಗಿಲ ಹೊರಗೇ ನಗು ಕೇಳಿತು. ಕಾಕಿ ಸೊಸೆಯ ಮುಂದೆ ನನ್ನ ದನಿ ತೆಗೆದು ಆಡಿ ತೋರಿಸುತ್ತಿದ್ದರು.

"'ನಾವು ಸಂತಿಗೆ ಹೋಗ್ಯಾಳ' ಅಂತ! ಓದಿ ಓದಿ ತಲಿ ತಿರಗೇತಿ ಪಾಪ ಹುಡುಗಿಗೆ."

"ಮತ್ತ ನೀವ್ಯಾಕ ಹೂಂ ಅಂದ್ರಿ ಅತ್ತಿ?"

"ಮನಿಗೆ ಬಂದು ಊಟಕ್ಕ ಕುಂತಾಕಿಗೆ ನಿಂದು ತಪ್ಪ ಅಂತ ಹೇಳೂದೇನ? ಮಾನ ಮರ್ಯಾದಿ ಐತಿಲ್ಲ ನಮಗ?"

ಮೊಬೈಲ್ ತೆಗೆದುಕೊಳ್ಳದೆಯೇ ಬಸ್ಸು ಹತ್ತಿದೆ. ಅವಮಾನ ಆಗಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ಕುತೂಹಲ. ಭಾಷಾಶಾಸ್ತ್ರದ ಯಾವ ಪಾಠದಲ್ಲೂ ರೊಟ್ಟಿ ಬಡಿಸುವವರ ಮರ್ಯಾದೆಯ ವಿಚಾರ ಬಂದಿರಲಿಲ್ಲ. ನಾನು ಕೇಳಿದ್ದು ಮಾತಿನ ಬಗ್ಗೆ, ಅವರು ಉತ್ತರ ಕೊಟ್ಟದ್ದು ಮನೆಗೆ ಬಂದ ಅತಿಥಿಗೆ.

ಮರುದಿನ ಮಣೆಯ ಮೇಲೆ ಕೂರಲಿಲ್ಲ. ಸೀದಾ ಒಲೆಯ ಹತ್ತಿರ ಹೋಗಿ ಜೋಳದ ಹಿಟ್ಟಿಗೆ ಕೈ ಹಾಕಿದೆ. ನನ್ನ ರೊಟ್ಟಿ ಮೂರು ಹೋಳಾಯಿತು. ಕಾಕಿ ಸ್ವಲ್ಪ ಹೊತ್ತು ತಡೆದುಕೊಂಡರು. ಎರಡನೆಯದೂ ಹರಿಯಿತು. ಆಗ ಕಟ್ಟೆ ಒಡೆಯಿತು.

"ಏ ಬೇ, ರೊಟ್ಟಿ ಬಡಿತಿಯೋ ಹಿಟ್ಟ ಕೊಲ್ಲಾಕತ್ತಿಯೋ? ಸರಿ ಅತ್ಲಾಗ! ಏನ ಕಲಿಸ್ಯಾಳ ನಿಮ್ಮವ್ವ?"

ನಾನು ಸರಿಯಲಿಲ್ಲ. ಹಿಟ್ಟು ನಾದುತ್ತಲೇ, "ಕಾಕಿ, ನಾವು ಸಂತಿಗೆ ಹೋಗ್ಯಾಳ" ಎಂದೆ.

"ಹುಚ್ಚ ಹಿಡದೈತೇನ ನಿನಗ? ಯಾರ ಅಂತಾರ ಹಂಗ!"

ಮೊದಲ ಚುಕ್ಕಿ. ಆ ದಿನ ಹತ್ತೊಂಬತ್ತು ಚುಕ್ಕಿ ಸಿಕ್ಕವು, ನೂರೆಂಟು ಬೈಗುಳ. ಕೊನೆಗೆ ಹೊಸದೊಂದು ವಾಕ್ಯ ಕೇಳಿದಾಗ, "ಅದನ್ನ ನನಗ್ಯಾಕ ಕೇಳ್ತಿ? ನಿನಗ ಗೊತ್ತಿಲ್ಲೇನ, ನೀ ಮಾತಾಡೂದಿಲ್ಲೇನ ಕನ್ನಡ?" ಎಂದು ಗದರಿದರು. ಮೇಡಂ ಆಡಿದ ಮಾತು ಅಂದು ಚುಚ್ಚುವುದನ್ನು ಬಿಟ್ಟಿತು.

ಇಷ್ಟು ಚೆಂದವಾಗಿ ಕೂಡಿಬಂದ ನೆನಪನ್ನು ನಾನು ನಂಬುವುದಿಲ್ಲ. ನೋಟ್‌ಬುಕ್ ತಿರುವಿದೆ. ಆ ದಿನದ ಪುಟದ ಅಂಚಿನಲ್ಲಿ ನನ್ನದೇ ಅಕ್ಷರ: "ಶೇಂಗಾ ಸುಲಿದೆ." ರೊಟ್ಟಿಯ ಸುದ್ದಿಯೇ ಇಲ್ಲ. ಹಾಗಾದರೆ ಹರಿದ ರೊಟ್ಟಿ ಎಲ್ಲಿಂದ ಬಂತು? ಬೇರೆ ದಿನದ್ದೋ, ಬೇರೆ ಮನೆಯದ್ದೋ, ಈ ಪ್ರಬಂಧಕ್ಕೆಂದು ನಾನೇ ಬಡಿದದ್ದೋ?

ನಿನ್ನೆ ಕಾಕಿಗೆ ಫೋನು ಮಾಡಿದೆ. ಎಂಟು ವರ್ಷದಿಂದ ಆ ಕಡೆ ಹೋಗಿಲ್ಲ. ಇಲ್ಲಿಯವರೆಗೆ ಬರೆದದ್ದನ್ನೆಲ್ಲ ಓದಿ ಹೇಳಿದೆ.

"ಬಾಳ ಚಂದ ಬರದೀರಿ."

"ಕಾಕಿ, ಅವತ್ತು ರೊಟ್ಟಿನೋ, ಶೇಂಗಾನೋ?"

"ಎರಡೂ ಇರಬಹುದ್ರಿ."

"ಬೈದದ್ದು ಖರೇನಾ?"

"ನೀವು ಬರದೀರಂದ್ರ ಖರೇನ ಇರತೈತ್ರಿ. ಅಬ್ಬಾರು ಆರಾಮದಾರೇನ್ರಿ?"

ಫೋನಿಟ್ಟೆ. ಆ 'ರಿ' ವಾಪಸು ಬಂದಿತ್ತು; ನಾನು ಮತ್ತೆ ಮಣೆಯ ಮೇಲೆ ಕೂತ ಅತಿಥಿ.

ಇದನ್ನು ಬಬಲೇಶ್ವರದ ಬಸ್ ನಿಲ್ದಾಣದಲ್ಲಿ ಕೂತು ತಿದ್ದುತ್ತಿದ್ದೇನೆ. ಈ ಬರಹದಲ್ಲಿ ಎಲ್ಲೋ ತಪ್ಪಿದ್ದೇನೆ, ಎಲ್ಲೆಂದು ಗೊತ್ತಿಲ್ಲ. ನಿಡೋಣಿಯ ಬಸ್ಸು ಇನ್ನೂ ಬಂದಿಲ್ಲ. ಬರುತ್ತಿದ್ದೇನೆ ಎಂದು ಕಾಕಿಗೆ ಹೇಳಿಲ್ಲ. ಹೇಳಿದರೆ ಹೋಳಿಗೆ ಮಾಡಿಟ್ಟುಬಿಡುತ್ತಾರೆ.