ಹಂದಿ ಕಂದಾಯದ ಅತ್ತೆ

ನಮ್ಮ ಅತ್ತೆ ಬೀ-ಶ್ಯಾ ಸಿಂಪಿ ಬಿಡಿಸುವಾಗ ಮಾತಾಡುವುದಿಲ್ಲ. ಡೊಂಗ್‌ಶಿ ಬಂದರಿನ ಹಿಂದೆ ಚಪ್ಪರದಡಿ ಕೂತರೆಂದರೆ ಚೂರಿಯ ತುದಿ ಚಿಪ್ಪಿನೊಳಗೆ, ಒಂದು ತಿರುವು, ಮಾಂಸ ಬೋಗುಣಿಗೆ. ನಲವತ್ತು ವರ್ಷದಿಂದ ಹೀಗೇ. ನನ್ನ ಮಗಳು ಹುಟ್ಟಿದ ಐವತ್ತೆಂಟನೆಯ ದಿನ ಮಾತ್ರ ಚೂರಿ ಕೆಳಗಿಟ್ಟು ಕೇಳಿದರು: “ಇನ್ನೂ ಬರೆಸಿಲ್ವಾ?”

ಬರೆಸಿರಲಿಲ್ಲ. ಅರವತ್ತು ದಿನದೊಳಗೆ ಜನನ ನೋಂದಣಿ ಆಗಬೇಕು. ಮಗುವಿಗೆ ಯಾರ ಮನೆತನದ ಹೆಸರು ಎಂದು ಅಪ್ಪ, ಅಮ್ಮ ಇಬ್ಬರೂ ಸಹಿ ಹಾಕಬೇಕು. ನಮ್ಮದು ಅಲ್ಲೇ ನಿಂತಿತ್ತು.

ನಾನು ಫಾಂಗ್ ಮನೆಯ ಒಬ್ಬಳೇ ಮಗಳು. ನಿಶ್ಚಿತಾರ್ಥದ ದಿನ ಅಪ್ಪ ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, “ಎರಡನೇ ಮಗು ಫಾಂಗ್ ಅಂತ ಇರ್ಲಿ ಬೀಗ್ರೇ. ನಮ್ಮ ಹಿರೀಕರಿಗೆ ಊದಿನಕಡ್ಡಿ ಹಚ್ಚೋರು ಒಬ್ರು ಬೇಕಲ್ಲ” ಎಂದಿದ್ದರು. ಇದು ಹಳೆಯ ರೂಢಿ. ಸಾಕಲು ಹೆಣ್ಣುಹಂದಿ ಕೊಟ್ಟವರಿಗೆ ಒಂದು ಮರಿ ತಿರುಗಿ ಕೊಡುವಂತೆ, ಹೆಣ್ಣು ಕೊಟ್ಟ ಮನೆಗೆ ಒಂದು ಮಗುವಿನ ಹೆಸರು. ಹಂದಿ ಕಂದಾಯ ಅನ್ನುತ್ತಾರೆ. ಅಂದು ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ, ಬರೀ ಹೂಂ ಎಂದರು.

ಆದರೆ ಮೊದಲ ಹೆರಿಗೆಯಲ್ಲೇ ನನ್ನ ಗರ್ಭಕೋಶ ತೆಗೆಯಬೇಕಾಯಿತು. ಅಪ್ಪ ಫೋನಿನಲ್ಲಿ, “ಬಿಡಮ್ಮ, ನೀನು ಉಳಿದ್ಯಲ್ಲ” ಎಂದರು. ಆಮೇಲೆ ಮಗುವಿನ ತೂಕ ಎಷ್ಟೆಂದು ಎರಡು ಸಲ ಕೇಳಿದರು.

ಭಾವನಿಗೆ ಇಬ್ಬರು ಗಂಡುಮಕ್ಕಳಿದ್ದಾರೆ. ಗಂಡನ ಮನೆಯ ವೆಂಗ್ ಹೆಸರಿಗೆ ಕೊರತೆಯಿಲ್ಲ. ಇವಳೇ ಫಾಂಗ್ ಆಗಲಿ ಎಂದು ನಾನು ಕೇಳಿದೆ. ಆದರೂ ಅತ್ತೆ “ವೆಂಗ್” ಎಂದೇ ಪಟ್ಟು ಹಿಡಿದಿದ್ದರು. ನನ್ನ ಗಂಡ ಜ್ಯಾ-ಹ ತಾಯಿಯ ಮಾತು ಮೀರುವವನಲ್ಲ. ಕಾಯಿದೆಯಲ್ಲಿ ಸಹಿ ಇಬ್ಬರದು, ನಮ್ಮ ಮನೆಯಲ್ಲಿ ಮೂವರದು.

ಮರುದಿನ ಮಗುವನ್ನು ಎತ್ತಿಕೊಂಡು ಮೂವರೂ ನೋಂದಣಿ ಕಚೇರಿಗೆ ಹೋದೆವು. ಕೌಂಟರಿನ ಹುಡುಗಿ, “ನೀವಿಬ್ರೂ ಒಪ್ಪದಿದ್ರೆ ನಾವೇ ಚೀಟಿ ಎತ್ತುತೀವಿ” ಎಂದಳು.

“ಚೀಟಿಯಾ? ಇದೇನು ಕೋಳಿ ಪಾಲೇನಮ್ಮ?” ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿದರು. “ನನ್ನ ಅಣ್ಣಂದಿರು ಮೂವರೂ ಅಪ್ಪನ ಹಾಗೆ ತ್ಸಾಯ್. ನಾನೊಬ್ಳೇ ಕೊ, ನಮ್ಮಮ್ಮನ ಮನೆ ಹೆಸರು. ಸ್ಕೂಲಲ್ಲಿ ಹಾಜರಿ ಕೂಗಿದಾಗೆಲ್ಲ ಹಿಂದಿನ ಬೆಂಚಿಂದ ಹಂದಿ ಥರ ಗುರ್ ಗುರ್ ಅಂತಿದ್ರು. ಈ ಕೂಸಿಗೆ ಅದು ಬೇಡ.”

ಇಷ್ಟು ದಿನ ಅವರ ಪಟ್ಟನ್ನು ವೆಂಗ್ ಮನೆತನದ ಜಂಬ ಅಂದುಕೊಂಡಿದ್ದೆ ನಾನು.

“ಅಜ್ಜಿ, ನೀವೂ ಬದಲಾಯಿಸ್ಕೋಬೋದಲ್ಲ” ಎಂದಳು ಹುಡುಗಿ. “ದೊಡ್ಡೋರಾದ್ಮೇಲೆ ಅಪ್ಪಂದೋ ಅಮ್ಮಂದೋ, ನಿಮ್ಮಿಷ್ಟ. ಯಾರ ಒಪ್ಪಿಗೇನೂ ಬೇಡ.” ಒಂದು ಅರ್ಜಿ ಮುಂದೆ ತಳ್ಳಿದಳು.

ಅತ್ತೆ ಪೆನ್ನು ತೆಗೆದುಕೊಂಡರು. ಚಿಪ್ಪು ಗೀರಿದ ಬೆರಳುಗಳು. ಹಳೆಯ ಹೆಸರಿನ ಜಾಗದಲ್ಲಿ ‘ಕೊ’ ಬರೆದರು. ಹೊಸದರ ಜಾಗಕ್ಕೆ ಬಂದಾಗ ಕೈ ನಿಂತಿತು.

“ನಮ್ಮಮ್ಮನ ಅಮ್ಮ ಮೊಟ್ಟೆ ಬೇಯಿಸಿದ್ರೆ ಮೊದಲನೇದು ನಂಗೆ ಕೊಡೋಳು” ಎಂದರು. “ಅಣ್ಣಂದಿರು ಕೇಳಿದ್ರೆ, ಅವ್ಳು ನನ್ನೋಳು ಕಣ್ರೋ ಅನ್ನೋಳು. ಈಗ ಅವಳಿಗೆ ಊದಿನಕಡ್ಡಿ ಹಚ್ಚೋಳು ನಾನೊಬ್ಳೇ. ಇದನ್ನ ಹೊಡೆದು ಹಾಕಿ ಅವಳ ಮುಂದೆ ಹೆಂಗೆ ನಿಂತ್ಕೊಳ್ಲಿ?”

ಅರ್ಜಿಯನ್ನು ಮಡಚಿ ಮಗುವಿನ ಬಟ್ಟೆಯ ಚೀಲಕ್ಕೆ ತುರುಕಿದರು. “ಈ ಕೂಸೂ ದೊಡ್ಡೋಳಾದ್ಮೇಲೆ ಬದಲಾಯಿಸ್ಕೋಬೋದಾ?”

“ಹೂಂ ಅಜ್ಜಿ.”

“ಹಂಗಾದ್ರೆ ಫಾಂಗ್ ಅಂತ ಬರಿಯೋ” ಎಂದರು ಮಗನಿಗೆ. “ಬೇಡ ಅನ್ನಿಸಿದ್ರೆ ಅವಳೇ ಬಂದು ಹೇಳ್ತಾಳೆ.”

“ಸ್ಕೂಲಲ್ಲಿ ಗುರ್ ಅಂದ್ರೆ?” ಎಂದ ಜ್ಯಾ-ಹ.

“ನನ್ನ ಹತ್ರ ಚೂರಿ ಇದೆ.”

ಇಬ್ಬರೂ ಸಹಿ ಹಾಕಿದೆವು. ಹೊರಗೆ ಬಂದು ಅಪ್ಪನಿಗೆ ಫೋನ್ ಹಚ್ಚಿದೆ. ಅತ್ತೆ ಫೋನ್ ಕಿತ್ತುಕೊಂಡರು.

“ಬೀಗ್ರೇ, ಕಂದಾಯ ಕಟ್ಟಿದೀವಿ. ರಸೀದಿ ಬೇಕಾದ್ರೆ ಬಂದು ಎತ್ಕೊಳ್ಳಿ.”

ಅಪ್ಪ ಮಧ್ಯಾಹ್ನದ ಬಸ್ಸಿಗೇ ಬಂದರು.