ಪಾಲಯ್ಯ ಎಣಿಸದೆ ಬಿಟ್ಟದ್ದು

ಜೀವ ಇರುವುದನ್ನು ಎಣಿಸಬಾರದು, ದೃಷ್ಟಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಎಣಿಸುವುದೇ ನನ್ನ ಹೊಟ್ಟೆಪಾಡು. ಕಡಲ ಕೊಲ್ಲಿಗಳಲ್ಲಿ ಮುಳುಗಿ, ಬಂಡೆಗಳ ಸಂದಿಯಲ್ಲಿರುವ ಸೀ ಅರ್ಚಿನ್‌ಗಳನ್ನು ಎಣಿಸುತ್ತೇನೆ. ಮೈತುಂಬ ಕಪ್ಪು ಮುಳ್ಳಿರುವ, ಚೆಂಡಿನಂಥ ಜೀವಿಗಳು ಅವು. ಹೆಸರಲ್ಲಷ್ಟೇ ಸಮುದ್ರವಿರುವ ಬಯಲುಸೀಮೆಯ ದೇವಸಮುದ್ರದಲ್ಲಿ ಹುಟ್ಟಿದವಳಿಗೆ ಇದೆಂಥ ಕೆಲಸ ಎಂದು ಅವ್ವ ಈಗಲೂ ಗೊಣಗುತ್ತಾಳೆ.

ಕೆಲವು ವರ್ಷಗಳ ಹಿಂದೆ ನಮ್ಮ ತಂಡಕ್ಕೆ ಮುಳುಗಬಲ್ಲ ಇನ್ನೊಬ್ಬ ಬೇಕಾಗಿದ್ದ. ಸಿದ್ದಾಪುರದ ಚಿಕ್ಕವ್ವನ ಮಗ ಪಾಲಯ್ಯನ ಹೆಸರು ಹೇಳಿದೆ. ಕುರಿ ಕಾಯುವವನು. ಬಾವಿಗೆ ಬಿದ್ದ ಕೊಡ, ಮೋಟಾರು ಏನೇ ಇರಲಿ, ಸುತ್ತಲಿನವರು ಅವನಿಂದಲೇ ತೆಗೆಸುತ್ತಿದ್ದರು. ಕುರಿ ಸಾಕಾಗಿದೆ, ಈ ಕೆಲಸ ಕೊಡಿಸು ಎಂದು ಅವನೂ ದುಂಬಾಲು ಬಿದ್ದಿದ್ದ. ಆದರೆ ಪರೀಕ್ಷೆಯಲ್ಲಿ ಎಣಿಕೆ ತಪ್ಪಿದರೆ ಅವನಿಗೆ ಕೆಲಸವಿಲ್ಲ, ಶಿಫಾರಸು ಮಾಡಿದ ನನಗೆ ಮಂಗಳಾರತಿ.

ರಜೆಗೆ ಬಂದವಳು ಚಳ್ಳಕೆರೆಯಲ್ಲಿ ಬಸ್ಸಿಳಿದು ನೇರ ಅವನ ಊರಿಗೇ ಹೋದೆ. ಅಭ್ಯಾಸಕ್ಕೆ ಅಲ್ಲಿ ಸಮುದ್ರ ಎಲ್ಲಿಂದ ತರಲಿ? ಸಗಣಿ ಉಂಡೆಗೆ ಜಾಲಿಮುಳ್ಳು ಚುಚ್ಚಿ, ಊರಾಚೆಯ ಬಂಡೆಗಳ ಸಂದಿಯಲ್ಲಿಟ್ಟೆ. ಮುಟ್ಟದೆ ಎಣಿಸಿ ಹೇಳಬೇಕು. ಸಂಜೆಯವರೆಗೂ ಜಾಗ ಬದಲಿಸಿ ಬದಲಿಸಿ ಎಣಿಕೆ ಮಾಡಿಸಿದೆ. ಪ್ರತಿಸಲವೂ ಅವನು ಹೇಳಿದ್ದು ನಾನಿಟ್ಟಷ್ಟೇ.

ಮನೆಗೆ ಬಂದು ಹೊಗಳಿದರೆ ಚಿಕ್ಕವ್ವ ನಂಬಲಿಲ್ಲ.

"ಇವ್ನು ಸರಿಯಾಗಿ ಹೇಳಿದ್ನಾ? ಒಂದು ಬಿಟ್ಟೇ ಕುರಿ ಎಣಿಸೋದು ನಮ್ಮನ್ಯಾಗೆ. ಪೂರಾ ಹೇಳಿದ್ರೆ ಮಂದೆಗೆ ಒಳ್ಳೇದಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಏನೋ, ಇವತ್ತೂ ಬಿಟ್ಟಿದ್ಯಾ?" ಎಂದು ಪಾಲಯ್ಯನನ್ನು ಕೇಳಿದೆ.

"ಊಂ ಅಕ್ಕ, ಪ್ರತಿಸಲ ಒಂದು ಬಿಟ್ಟೆ. ನೆರಳು ಬಿದ್ದೇಟ್ಗೆ ನನ್ ಕಡೆ ಮುಳ್ಳು ತಿರುಗಿಸ್ತಿತ್ತಲ್ಲ, ಅದನ್ನ."

ಬೈಯಲು ಹೊರಟವಳು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಒಂದು ಬಿಟ್ಟೂ ಲೆಕ್ಕ ಸರಿಬಂದಿದೆ ಎಂದರೆ, ಅಲ್ಲಿ ನಾನಿಟ್ಟದ್ದಕ್ಕಿಂತ ಒಂದು ಹೆಚ್ಚಿತ್ತು. ನೆರಳು ಬಿದ್ದರೆ ಅರ್ಚಿನ್ ಮುಳ್ಳು ತಿರುಗಿಸುವುದೂ ನಿಜ. ಆದರೆ ಅದನ್ನು ನಾನು ಅವನಿಗೆ ಹೇಳಿರಲಿಲ್ಲ. ಮೊಬೈಲಲ್ಲಿ ನೋಡಿದ್ದೀಯಾ ಎಂದು ಗದರಿದೆ.

"ಇಲ್ಲಕ್ಕ. ನೀನೇ ಒಳಗೆ ಏನೋ ಮಿಷನ್ ಇಟ್ಟಿದ್ದೀಯ ಅಂದ್ಕಂಡೆ" ಎಂದ.

ಬೆಳಕಿರುವಾಗಲೇ ಓಡಿಹೋಗಿ ಉಂಡೆಗಳನ್ನೆಲ್ಲ ಬುಟ್ಟಿಗೆ ತುಂಬಿದೆ. ನಾನು ಕಟ್ಟಿದಷ್ಟೇ ಇದ್ದವು. ಬರೀ ಸಗಣಿ, ಬರೀ ಮುಳ್ಳು. ಮರುದಿನ ಅವನ್ನೇ ಬಂಡೆಗಳ ಸಂದಿಯಲ್ಲಿಟ್ಟು, ಒಂದನ್ನೂ ಬಿಡುವುದಿಲ್ಲ ಎಂದು ಆಣೆ ಹಾಕಿಸಿಕೊಂಡು ಮತ್ತೆ ಎಣಿಸಲು ಹೇಳಿದೆ. ಲೆಕ್ಕ ಸರಿಯಾಗಿಯೇ ಬಂತು. "ಇವತ್ತು ಅದು ಬಂದಿಲ್ಲ" ಎಂದ, ನೆಂಟರ ಸುದ್ದಿ ಹೇಳುವ ಹಾಗೆ.

ನೀವು ನಗುತ್ತೀರಿ, ನಗಿ. ಪಾಲಯ್ಯ ಪರೀಕ್ಷೆಯಲ್ಲಿ ಗೆದ್ದು ಈಗ ನಮ್ಮ ತಂಡದಲ್ಲೇ ಇದ್ದಾನೆ. ಆಣೆಗೆ ತಪ್ಪದೆ ಎಲ್ಲವನ್ನೂ ಎಣಿಸುತ್ತಾನೆ. ತಪ್ಪಾಗದಿರಲೆಂದು ಒಂದೇ ಜಾಗವನ್ನು ಇಬ್ಬರೂ ಬೇರೆಬೇರೆಯಾಗಿ ಎಣಿಸುತ್ತೇವೆ. ಒದ್ದಾಡುತ್ತಿರುವವಳು ನಾನು. ನೀರಿನೊಳಗೆ ನನ್ನ ನೆರಳು ಬಿದ್ದು ಯಾವುದಾದರೊಂದು ನನ್ನ ಕಡೆ ಮುಳ್ಳು ತಿರುಗಿಸಿದ ದಿನ, ಮೇಲೆ ಬಂದು ತಾಳೆ ನೋಡಿದರೆ ನನ್ನ ಲೆಕ್ಕ ಅವನದಕ್ಕಿಂತ ಒಂದು ಕಡಿಮೆ. ರೇಗಿಕೊಂಡು ಮತ್ತೆ ಮುಳುಗಿ ಎಣಿಸುತ್ತೇನೆ. ಮತ್ತೆ ಒಂದು ಕಡಿಮೆ.

"ಬಿಟ್ಟಿದ್ದೀಯ ಬಿಡಕ್ಕ" ಎನ್ನುತ್ತಾನೆ ಪಾಲಯ್ಯ.

ನಾನು ಬಿಟ್ಟಿಲ್ಲ. ಬಿಟ್ಟಿದ್ದರೆ, ಬಿಟ್ಟದ್ದು ಯಾವುದೆಂದು ನನಗೆ ಗೊತ್ತಿರಬೇಕಲ್ಲ?